ಬಂಬಾ ಬರುವುದರೊಳಗೆ

ಪ್ರಶ್ನೆ: ನಾವು ಹುಬ್ಬಳ್ಳಿ ಕಡೆಯವರು. ಬಹಳ ವರ್ಷಗಳಿಂದ ವಡೋದರಾದ ಗೋರ್ವಾದಲ್ಲಿದ್ದೇವೆ. ಮನೆ ಇರುವುದು ಒಂದು ಸೊಸೈಟಿಯಲ್ಲಿ, ಕೆಲಸ ಬಿಐಡಿಸಿ ಎಂಬ ಕೈಗಾರಿಕಾ ಎಸ್ಟೇಟಿನ ಸಣ್ಣ ಕಾರ್ಖಾನೆಯಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ನನ್ನ ಷಡ್ಡಕರ ಮಗ ಅಲ್ಲಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಸೇರಿಕೊಂಡಿದ್ದಾನೆ. ಹೆಲ್ಮೆಟ್ಟು, ದಪ್ಪ ಕೋಟು, ಬೆನ್ನಿಗೆ ಗಾಳಿಯ ಸಿಲಿಂಡರು ಹಾಕಿಕೊಂಡ ಫೋಟೊ ಕಳಿಸಿದ್ದ. ಅದನ್ನು ನೋಡಿದ ಮೇಲೆ ನಮ್ಮ ಸೊಸೈಟಿಯ ಹುಡುಗರಿಗೂ ಅಂಥದೊಂದು ದಳ ಕಟ್ಟುವ ಹುರುಪು ಬಂದಿದೆ. ಚಂದಾ ಎತ್ತಲು ಎಲ್ಲರೂ ತಯಾರಿದ್ದಾರೆ. ಏನೇನು ಸಾಮಾನು ಕೊಳ್ಳಬೇಕು? ತರಬೇತಿ ಯಾರು ಕೊಡುತ್ತಾರೆ? ಕಾನೂನಿನ ಅಡ್ಡಿ ಏನಾದರೂ ಇದೆಯೇ?
– ಓದುಗರೊಬ್ಬರು, ಗೋರ್ವಾ, ವಡೋದರಾ

ಉತ್ತರ: ದಳ ಕಟ್ಟಿ, ಖಂಡಿತ ಕಟ್ಟಿ. ಆದರೆ ಆ ಫೋಟೊದಲ್ಲಿ ಕಾಣುವ ಸಾಮಾನು ಯಾವುದನ್ನೂ ಸದ್ಯಕ್ಕೆ ಕೊಳ್ಳಬೇಡಿ. ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರಂತೂ ಬೇಡವೇ ಬೇಡ, ಏಕೆಂದು ಮುಂದೆ ಹೇಳುತ್ತೇನೆ. ಯಾರೋ ಒಬ್ಬರು 101ಕ್ಕೆ ಫೋನ್ ಮಾಡಿದ ಗಳಿಗೆಯಿಂದ ಮಹಾನಗರಪಾಲಿಕೆಯ ಬಂಬಾ, ಅಂದರೆ ಬೆಂಕಿ ಆರಿಸುವ ಗಾಡಿ, ನಿಮ್ಮ ಗೇಟಿನೊಳಗೆ ಬರುವ ತನಕ ಕೆಲವು ನಿಮಿಷಗಳು ಇರುತ್ತವಲ್ಲ, ನಿಮ್ಮ ಹುಡುಗರ ಕೆಲಸ ಇರುವುದು ಅಲ್ಲಿ. ಆ ನಿಮಿಷಗಳಿಗೆ ಬೇಕಾದ ಸಾಮಾನು ಕಡಿಮೆ, ಅಭ್ಯಾಸ ಬಹಳ.

ಆ ನಿಮಿಷಗಳ ಬೆಲೆ ಗುಜರಾತಿನವರಿಗೆ ಹೇಳಿಕೊಡಬೇಕಾಗಿಲ್ಲ. 2019ರ ಮೇ 24ರಂದು ಸೂರತ್‌ನ ಸರಥಾಣಾದಲ್ಲಿ ತಕ್ಷಶಿಲಾ ಆರ್ಕೇಡ್ ಕಟ್ಟಡಕ್ಕೆ ಬೆಂಕಿ ಬಿದ್ದು, ಮೇಲಿನ ಕೋಚಿಂಗ್ ಕ್ಲಾಸಿನಲ್ಲಿದ್ದ 22 ವಿದ್ಯಾರ್ಥಿಗಳು ಸತ್ತರು. ಇಳಿಯುವ ದಾರಿ ಹೊಗೆಯಿಂದ ಮುಚ್ಚಿಹೋಗಿತ್ತು. ಮಕ್ಕಳು ಮೇಲಿಂದ ಜಿಗಿಯುತ್ತಿದ್ದ ದೃಶ್ಯವನ್ನು ದೇಶವೆಲ್ಲ ನೋಡಿತು. ಬಂದ ವಾಹನದ ಏಣಿ ಆ ಎತ್ತರ ಮುಟ್ಟಲಿಲ್ಲ ಎಂಬುದು ಆಮೇಲೆ ದೊಡ್ಡ ಚರ್ಚೆಯಾಯಿತು. ನನಗೆ ಆ ದಿನದಿಂದ ಮರೆಯಲಾಗದೆ ಉಳಿದಿರುವುದು ಕಟ್ಟಡದ ಹೊರ ಅಂಚಿಗೆ ಹತ್ತಿ ನಿಂತು ಕೈಗೆ ಸಿಕ್ಕ ಮಕ್ಕಳನ್ನು ಕೆಳಗಿಳಿಸಲು ಹೆಣಗಿದ ಒಬ್ಬ ಯುವಕ. ಅವನು ಅಗ್ನಿಶಾಮಕ ದಳದವನಲ್ಲ, ಆ ಹೊತ್ತಿಗೆ ಅಲ್ಲಿದ್ದವನು, ಅಷ್ಟೆ. ಅವನ ಎದೆಗಾರಿಕೆ ಅವನದೇ. ಆದರೆ ಆ ಬೀದಿಯಲ್ಲಿ ತರಬೇತಾದ ಹತ್ತು ಜನ, ಎರಡು ಉದ್ದನೆಯ ಏಣಿ, ಜನರನ್ನು ಹಿಂದೆ ಸರಿಸಿ ಜಾಗ ಬಿಡಿಸುವ ಒಬ್ಬ ಯಜಮಾನ ಇದ್ದಿದ್ದರೆ ಸಾವಿನ ಲೆಕ್ಕ ಬೇರೆಯಾಗುತ್ತಿತ್ತೇನೋ ಎಂದು ಈಗಲೂ ಅನಿಸುತ್ತದೆ.

ಪೆನ್ಸಿಲ್ವೇನಿಯಾದ ಹುಡುಗ ಸೇರಿರುವ ಪರಂಪರೆ ಹಳೆಯದು. ಅದೇ ಪ್ರಾಂತ್ಯದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಯೂನಿಯನ್ ಫೈರ್ ಕಂಪನಿ ಎಂಬ ಸ್ವಯಂಸೇವಕ ಕೂಟ ಕಟ್ಟಿದ. ಪ್ರತಿಯೊಬ್ಬ ಸದಸ್ಯನೂ ನೀರು ಹೊರಲು ಚರ್ಮದ ಬಕೆಟ್ಟುಗಳನ್ನು, ಉರಿಯುವ ಮನೆಯಿಂದ ಸಾಮಾನು ಎತ್ತಿ ತರಲು ಚೀಲಗಳನ್ನು ಸ್ವಂತ ಖರ್ಚಿನಲ್ಲಿ ಇಟ್ಟುಕೊಳ್ಳಬೇಕಿತ್ತು. ತಿಂಗಳಿಗೊಮ್ಮೆ ಸಭೆ, ತಪ್ಪಿಸಿಕೊಂಡವನಿಗೆ ದಂಡ. ಈ ದಂಡದ ವಿಚಾರ ನನಗೆ ಬಕೆಟ್ಟಿಗಿಂತ ಮುಖ್ಯ ಅನಿಸುತ್ತದೆ. ಇವತ್ತಿಗೂ ಅಮೆರಿಕದ ಅಗ್ನಿಶಾಮಕರಲ್ಲಿ ಹೆಚ್ಚಿನವರು ಸಂಬಳವಿಲ್ಲದವರೇ: 2020ರ ಲೆಕ್ಕದಲ್ಲಿ ಸುಮಾರು 10.4 ಲಕ್ಷ ಜನರಲ್ಲಿ ಶೇ. 65ರಷ್ಟು ಮಂದಿ. ಜರ್ಮನಿ, ಆಸ್ಟ್ರಿಯಾದ ಹಳ್ಳಿಗಳಲ್ಲೂ ಇದೇ ಪದ್ಧತಿ. ಚಿಲಿ ದೇಶದಲ್ಲಂತೂ ರಾಜಧಾನಿಯ ಬೆಂಕಿಯನ್ನೂ ಸ್ವಯಂಸೇವಕರೇ ಆರಿಸುತ್ತಾರೆ. ಹಾಗೆಂದು ಸಂಬಳವಿಲ್ಲದವನ ಕೆಲಸ ಹಗುರವೆಂದುಕೊಳ್ಳಬೇಡಿ. ನಿಮ್ಮ ಷಡ್ಡಕರ ಮಗನನ್ನು ಕೇಳಿ ನೋಡಿ. ಉರಿಯುವ ಮನೆಯೊಳಗೆ ಕಾಲಿಡಲು ಅನುಮತಿ ಸಿಗುವ ಮುಂಚೆ ನೂರಕ್ಕೂ ಹೆಚ್ಚು ಗಂಟೆಗಳ ತರಬೇತಿ, ಪರೀಕ್ಷೆ, ವೈದ್ಯಕೀಯ ತಪಾಸಣೆ ಎಲ್ಲ ಮುಗಿಸಿರುತ್ತಾನೆ. ಆಮೇಲೂ ನಿಗದಿಯಾದ ಸಂಜೆಗಳಲ್ಲಿ ಡ್ರಿಲ್ ತಪ್ಪುವುದಿಲ್ಲ. ಫೋಟೊದಲ್ಲಿ ಕೋಟು ಕಾಣುತ್ತದೆ, ಆ ಸಂಜೆಗಳು ಕಾಣುವುದಿಲ್ಲ.

ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸವನ್ನೂ ಗಮನಿಸಬೇಕು. ಅಲ್ಲಿನ ಸಣ್ಣ ಊರಿಗೆ ಸಂಬಳ ಕೊಟ್ಟು ದಳ ಸಾಕುವ ಶಕ್ತಿ ಇಲ್ಲ, ಆದ್ದರಿಂದ ಸ್ವಯಂಸೇವಕರೇ ದಳ. ವಡೋದರಾದಲ್ಲಿ ದಾಂಡಿಯಾ ಬಜಾರಿನಿಂದ ಹಿಡಿದು ಹಲವು ಕಡೆ ಮಹಾನಗರಪಾಲಿಕೆಯ ಠಾಣೆಗಳಿವೆ. ನಮ್ಮ ಕರ್ನಾಟಕದಲ್ಲಿ 1964ರ ಕಾಯ್ದೆಯಡಿ ರಾಜ್ಯ ಸರ್ಕಾರದ್ದೇ ಒಂದು ಇಲಾಖೆ. ಹುಬ್ಬಳ್ಳಿಯ ಠಾಣೆಗೂ ಬೀದರಿನ ಠಾಣೆಗೂ ಒಡೆಯ ಒಬ್ಬನೇ. ಗುಜರಾತಿನ ನಗರಗಳಲ್ಲಿ ಬೆಂಕಿ ಆರಿಸುವುದು ಮೊದಲಿನಿಂದ ನಗರಸಭೆಯ ಕೆಲಸ. ಸಂವಿಧಾನದ ಹನ್ನೆರಡನೆಯ ಪರಿಶಿಷ್ಟ ಕೂಡ ಅದನ್ನು ನಗರಾಡಳಿತದ ವಿಷಯವೆಂದೇ ಪಟ್ಟಿ ಮಾಡಿದೆ. ಹಾಗಾಗಿ ನಿಮ್ಮ ಮೊದಲ ಅರ್ಜಿ ಹೋಗಬೇಕಾದ್ದು ರಾಜಧಾನಿ ಗಾಂಧಿನಗರಕ್ಕಲ್ಲ, ನಿಮ್ಮ ಮಹಾನಗರಪಾಲಿಕೆಯ ಅಗ್ನಿಶಾಮಕ ವಿಭಾಗಕ್ಕೆ.

ಎರಡನೆಯ ಅರ್ಜಿ ಜಿಲ್ಲಾಧಿಕಾರಿ ಕಚೇರಿಯ ನಾಗರಿಕ ರಕ್ಷಣಾ ಶಾಖೆಗೆ. ಕಾನೂನಿನ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿ. ಖಾಸಗಿ ಸೊಸೈಟಿಯೊಂದು ತನ್ನದೇ ಅಗ್ನಿಶಾಮಕ ದಳವೆಂದು ಬೋರ್ಡು ಹಾಕಿಕೊಂಡು, ಬೀದಿಯಲ್ಲಿ ಸೈರನ್ ಹಾಕಿ ಓಡಾಡುವುದಕ್ಕೆ ನಮ್ಮಲ್ಲಿ ಜಾಗವಿಲ್ಲ. ಆದರೆ 1968ರ ನಾಗರಿಕ ರಕ್ಷಣಾ ಕಾಯ್ದೆಯಡಿ ಸ್ವಯಂಸೇವಕರಾಗಿ ಹೆಸರು ಬರೆಸಿ ತರಬೇತಿ ಪಡೆಯಲು ಅವಕಾಶವಿದೆ. ಅದರ ಸೇವೆಗಳಲ್ಲಿ ಬೆಂಕಿ ಆರಿಸುವುದೂ ರಕ್ಷಣೆಯೂ ಸೇರಿವೆ. ಯುದ್ಧಕಾಲಕ್ಕೆಂದು ಮಾಡಿದ ಈ ಕಾನೂನಿಗೆ 2009ರ ತಿದ್ದುಪಡಿಯಲ್ಲಿ ಪ್ರಕೃತಿ ವಿಕೋಪ, ಅಪಘಾತಗಳ ಕೆಲಸವೂ ಸೇರಿತು. 2025ರ ಮೇ 7ರಂದು ದೇಶದಾದ್ಯಂತ ನಡೆದ ನಾಗರಿಕ ರಕ್ಷಣಾ ಅಣಕು ಕಾರ್ಯಾಚರಣೆ ನಿಮಗೆ ನೆನಪಿರಬೇಕು. ಆಗ ಹೊರಬಿದ್ದ ಪಟ್ಟಿಯಲ್ಲಿ ಗುಜರಾತಿನ ಮೊದಲ ದರ್ಜೆಯ ಸ್ಥಳಗಳು ಮೂರೇ: ಸೂರತ್, ವಡೋದರಾ, ಕಾಕ್ರಾಪಾರ್. ಅಂದರೆ ನಿಮ್ಮ ಊರಿನಲ್ಲಿ ಈ ವ್ಯವಸ್ಥೆ ಇರಲೇಬೇಕು, ಜನ ಸೇರಲೇಬೇಕು. ಜೊತೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಪದಾ ಮಿತ್ರ ಯೋಜನೆಯೂ ಇದೆ. 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರಿಗೆ 12 ದಿನಗಳ ತರಬೇತಿ, ಒಂದು ಕಿಟ್ಟು ಎಂಬುದು ಅದರ ಲೆಕ್ಕಾಚಾರವಾಗಿತ್ತು.

ಇದು ಬರೀ ಕಾಗದದ ಮಾತಾಗದೆ ನಡೆದು ತೋರಿಸಿದ ಜಾಗ ನಮ್ಮ ಕನ್ನಡಿಗರಿಗೆ ಹತ್ತಿರವೇ ಇದೆ. ಕೇರಳ 2018ರ ಪ್ರವಾಹದ ಮರುವರ್ಷ ನಾಗರಿಕ ರಕ್ಷಣಾ ಪಡೆಯನ್ನು ಅಗ್ನಿಶಾಮಕ ಇಲಾಖೆಯ ಕೈಕೆಳಗೇ ಕಟ್ಟಿತು. 124 ಠಾಣೆ, ಠಾಣೆಗೆ 50 ಸ್ವಯಂಸೇವಕರು, ಒಟ್ಟು 6,200. ಕಾಸರಗೋಡು, ಉಪ್ಪಳದ ಠಾಣೆಗಳೂ ಈ ಲೆಕ್ಕದೊಳಗೇ ಬರುತ್ತವೆ. ಈ ಕ್ರಮದಲ್ಲಿ ನನಗೆ ಬಹಳ ಹಿಡಿಸುವುದು ಒಂದೇ ಸಂಗತಿ: ಸ್ವಯಂಸೇವಕ ತರಬೇತಿ ಪಡೆಯುವುದು ನಾಳೆ ಬೆಂಕಿಯ ಮುಂದೆ ಯಾರ ಮಾತು ಕೇಳಬೇಕೋ ಅದೇ ಠಾಣೆಯವರಿಂದ. ಠಾಣಾಧಿಕಾರಿಗೆ ಇವನ ಮುಖ ಗೊತ್ತು, ಇವನಿಗೆ ಅವರ ಸನ್ನೆ ಗೊತ್ತು. ಗೋರ್ವಾದಲ್ಲಿ ನೀವು ಕಾನೂನಿಗಾಗಿ ಕಾಯದೆಯೇ ಇದನ್ನು ನಕಲು ಮಾಡಬಹುದು: ನಿಮ್ಮ ಕಡೆಗೆ ಬಂಬಾ ಕಳಿಸುವ ಠಾಣೆ ಯಾವುದೆಂದು ಪತ್ತೆ ಮಾಡಿ, ಹುಡುಗರನ್ನು ಅಲ್ಲಿಗೇ ಕರೆದುಕೊಂಡು ಹೋಗಿ.

ಈಗ ತರಬೇತಿ. ಹುಡುಗರು ನಿರೀಕ್ಷಿಸುವುದು ಹಗ್ಗ ಹಿಡಿದು ಇಳಿಯುವ ಸಾಹಸ. ಆದರೆ ಮೊದಲ ದಿನ ಕಲಿಸಬೇಕಾದ್ದು ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಬಳಕೆ. ಸೊಸೈಟಿಗಳ ಗೋಡೆಗೆ ನೇತುಹಾಕಿರುವ 6 ಕಿಲೋದ ಎಬಿಸಿ ಪುಡಿಯ ಸಿಲಿಂಡರು ಒಮ್ಮೆ ಒತ್ತಿದರೆ ಖಾಲಿಯಾಗಲು ತೆಗೆದುಕೊಳ್ಳುವುದು ಹೆಚ್ಚೆಂದರೆ 15–20 ಸೆಕೆಂಡು. ಇದು ಬಹುಪಾಲು ಜನಕ್ಕೆ ಗೊತ್ತಿಲ್ಲ. ಎರಡು ನಿಮಿಷ ಹೊಡೆಯುತ್ತಿರಬಹುದು ಎಂದುಕೊಂಡು ದೂರದಿಂದಲೇ ಜ್ವಾಲೆಯ ತುದಿಗೆ ಒತ್ತುತ್ತಾರೆ, ಪುಡಿಯೆಲ್ಲ ಗಾಳಿಗೆ ಹೋಗುತ್ತದೆ, ಕೋಣೆಯಲ್ಲಿ ಏನೂ ಕಾಣದಂತಾಗುತ್ತದೆ, ಬೆಂಕಿ ಇದ್ದಲ್ಲೇ ಇರುತ್ತದೆ. ಸೀಲು ಕಿತ್ತು, ಪಿನ್ನು ಎಳೆದು, ಎರಡು ಮೂರು ಮೀಟರು ದೂರ ನಿಂತು, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಅತ್ತಿಂದಿತ್ತ ಬೀಸಿ ಹೊಡೆಯುವುದನ್ನು ಪ್ರತಿಯೊಬ್ಬನೂ ತನ್ನ ಕೈಯಾರೆ, ನಿಜವಾದ ತಗಡಿನ ಟ್ರೇ ಬೆಂಕಿಯ ಮೇಲೆ ಮಾಡಿ ನೋಡಬೇಕು. ಮುಗಿದ ಮೇಲೆ ಬೆನ್ನು ತಿರುಗಿಸದೆ ಹಿಂದಕ್ಕೆ ಸರಿಯಬೇಕು, ಆರಿದಂತೆ ಕಂಡದ್ದು ಮತ್ತೆ ಹೊತ್ತಿಕೊಳ್ಳುತ್ತದೆ. ಅವಧಿ ಮುಗಿಯುತ್ತ ಬಂದ ಸಿಲಿಂಡರುಗಳನ್ನು ಮರುಪೂರಣಕ್ಕೆ ಕಳಿಸುವ ಮುಂಚೆ ಈ ಅಭ್ಯಾಸಕ್ಕೆ ಬಳಸಿ, ಖರ್ಚು ಉಳಿಯುತ್ತದೆ.

ಒಂದು ನಿಯಮವನ್ನು ಹುಡುಗರು ಬಾಯಿಪಾಠ ಮಾಡಲಿ. ಬೆಂಕಿ ಸೊಂಟದೆತ್ತರ ಮೀರಿದ್ದರೆ, ಅಥವಾ ಹೊಗೆ ತಲೆಯ ಮಟ್ಟಕ್ಕೆ ಇಳಿದಿದ್ದರೆ, ಅಥವಾ ಬೆನ್ನ ಹಿಂದೆ ಹೊರಹೋಗುವ ದಾರಿ ಇಲ್ಲದಿದ್ದರೆ, ಅದು ನಮ್ಮ ಬೆಂಕಿಯಲ್ಲ. ಬಾಗಿಲು ಎಳೆದುಕೊಂಡು ಹೊರಗೆ ಬನ್ನಿ. ಮುಚ್ಚಿದ ಬಾಗಿಲೊಂದು ಬೆಂಕಿಯನ್ನು ನಿಮ್ಮ ಸಿಲಿಂಡರಿಗಿಂತ ಹೆಚ್ಚು ಹೊತ್ತು ತಡೆದು ನಿಲ್ಲಿಸುತ್ತದೆ.

ಗ್ಯಾಸಿನ ವಿಷಯದಲ್ಲಿ ಹುಬ್ಬಳ್ಳಿಯ ಅಭ್ಯಾಸವನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ಅಲ್ಲಿ ನಮಗೆ ಗೊತ್ತಿದ್ದದ್ದು ಎಲ್‌ಪಿಜಿ ಸಿಲಿಂಡರು. ಅದರ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ವಡೋದರಾದ ಮನೆಗಳಿಗೆ ದಶಕಗಳಿಂದ ಬರುತ್ತಿರುವ ಕೊಳವೆ ಅನಿಲ ಗಾಳಿಗಿಂತ ಹಗುರ, ಮೇಲೆ ಹೋಗಿ ಸೂರಿನ ಕೆಳಗೆ ಸೇರಿಕೊಳ್ಳುತ್ತದೆ. ಒಂದೇ ಕಟ್ಟಡದಲ್ಲಿ ಎರಡೂ ಇರಬಹುದು. ಕೊಳವೆ ಅನಿಲದ ವಾಲ್ವು ಎಲ್ಲಿದೆ ಎಂದು ಪ್ರತಿ ಮನೆಯ ಹೆಂಗಸರನ್ನು ಕೇಳಿ ನೋಡಿ. ಗೊತ್ತಿಲ್ಲದವರಿಗೆ ಅವತ್ತೇ ತೋರಿಸಿಕೊಡಿ. ಇದನ್ನು ಹೇಳುವಾಗಲೇ ಇನ್ನೊಂದು ಮಾತು: ದಳದಲ್ಲಿ ಹುಡುಗರಷ್ಟೇ ಇದ್ದರೆ ಸಾಲದು. ವಾರದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಬೆಂಕಿ ಬಿದ್ದರೆ ನಿಮ್ಮ ಹುಡುಗರೆಲ್ಲ ಕೆಲಸದಲ್ಲೋ ಕಾಲೇಜಿನಲ್ಲೋ ಇರುತ್ತಾರೆ. ಆಗ ಮನೆಯಲ್ಲಿರುವವರು ಗೃಹಿಣಿಯರು, ನಿವೃತ್ತರು, ವಾಚ್‌ಮನ್. ಅವರನ್ನು ಬಿಟ್ಟು ಕಟ್ಟಿದ ದಳ ರಾತ್ರಿ ಮಾತ್ರ ಇರುವ ದಳ.

ಕರೆಂಟಿನ ಬೆಂಕಿ ಬಗ್ಗೆ. ನಿಮ್ಮ ಕಡೆಯ ಬಹಳಷ್ಟು ಅಪಾರ್ಟ್‌ಮೆಂಟುಗಳಲ್ಲಿ ಮೀಟರುಗಳ ಸಾಲು ಇರುವುದು ನೆಲಮಹಡಿಯಲ್ಲಿ, ಮೆಟ್ಟಿಲಿನ ಬುಡದಲ್ಲೇ. ಅದರ ಮುಂದೆ ಸ್ಕೂಟರುಗಳ ಸಾಲು. ಮೀಟರು ಹೊತ್ತಿಕೊಂಡರೆ ಪೆಟ್ರೋಲು ಪಕ್ಕದಲ್ಲೇ ಸಿದ್ಧವಿರುತ್ತದೆ, ಹೊಗೆ ನೇರ ಮೆಟ್ಟಿಲೇರುತ್ತದೆ, ಇಡೀ ಕಟ್ಟಡಕ್ಕಿರುವ ಒಂದೇ ದಾರಿ ಮುಚ್ಚಿಹೋಗುತ್ತದೆ. ಗಾಡಿಗಳನ್ನು ಅಲ್ಲಿಂದ ಎತ್ತಿಸುವುದು ಸಾವಿರ ರೂಪಾಯಿಯ ಯಾವ ಸಾಮಾನಿಗಿಂತಲೂ ದೊಡ್ಡ ಕೆಲಸ, ಜಗಳವಾದರೂ ಮಾಡಲೇಬೇಕಾದ ಕೆಲಸ. ಎಲೆಕ್ಟ್ರಿಕ್ ಸ್ಕೂಟರನ್ನು ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕುವುದನ್ನು ಮೊದಲು ನಿಲ್ಲಿಸಿ. ಅದರ ಲಿಥಿಯಂ ಬ್ಯಾಟರಿ ಹೊತ್ತಿದರೆ ಪುಡಿ ಹೊಡೆದು ಆರಿಸಲಾಗದು, ಒಳಗಿನ ಬಿಸಿ ತಣಿಯುವ ತನಕ ಮತ್ತೆ ಮತ್ತೆ ಹೊತ್ತುತ್ತಲೇ ಇರುತ್ತದೆ, ಹೊಗೆಯೂ ವಿಷ. ಮೀಟರಿನ ಬೆಂಕಿಗೆ ನೀರು ಕೂಡದು. ಮೇನ್ ತೆಗೆಯಲು ಸಾಧ್ಯವಿದ್ದರೆ ತೆಗೆದು, ಕಾರ್ಬನ್ ಡೈಆಕ್ಸೈಡಿನ ಸಿಲಿಂಡರು ಬಳಸಬೇಕು.

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಇಲ್ಲಿ ನೆನಪಾಗುತ್ತದೆ. 2010ರ ಫೆಬ್ರವರಿ 23ರಂದು ಅಲ್ಲಿ ಸತ್ತ ಒಂಬತ್ತು ಜನರಲ್ಲಿ ಯಾರನ್ನೂ ಜ್ವಾಲೆ ನೇರವಾಗಿ ಮುಟ್ಟಬೇಕಾಗಿರಲಿಲ್ಲ, ಹೊಗೆ ಸಾಕಾಯಿತು. ಉಸಿರುಗಟ್ಟಿದವರು ಕಿಟಕಿಯಿಂದ ಜಿಗಿದರು. ಆ ನೋವಿನಿಂದಲೇ ಸತ್ತವರ ಮನೆಯವರು, ಸ್ನೇಹಿತರು ಸೇರಿ ಬಿಯಾಂಡ್ ಕಾರ್ಲ್‌ಟನ್ ಎಂಬ ಸಂಸ್ಥೆ ಕಟ್ಟಿದರು. ಅವರು ಬಂಬಾ ಕೊಳ್ಳಲಿಲ್ಲ. ಕಟ್ಟಡಗಳ ನಿರ್ಗಮನ ದಾರಿ, ಕಾನೂನಿನ ಜಾರಿ, ಜನರ ತಿಳಿವಳಿಕೆ ಇವುಗಳ ಬೆನ್ನು ಹತ್ತಿದರು. ಬೆಂಕಿಯ ವಿರುದ್ಧದ ಸ್ವಯಂಸೇವೆಗೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ಹೊಗೆಯ ಪಾಠ ಹೀಗೆ: ಫೋಮಿನ ಹಾಸಿಗೆ, ಸೋಫಾ ಉರಿದಾಗ ಕಾರ್ಬನ್ ಮಾನಾಕ್ಸೈಡಿನ ಜೊತೆ ಸೈನೈಡ್ ಅನಿಲವೂ ಹುಟ್ಟುತ್ತದೆ. ಒದ್ದೆ ಕರವಸ್ತ್ರ ಮಸಿಯನ್ನು ತಡೆದೀತು, ಈ ಅನಿಲಗಳನ್ನು ತಡೆಯದು. ಮೆಟ್ಟಿಲು ತಿಳಿಯಾಗಿದ್ದರೆ ಕೆಳಗೆ ಇಳಿಯಬೇಕು, ಲಿಫ್ಟು ಹತ್ತಬಾರದು. ಮೆಟ್ಟಿಲಲ್ಲೇ ಹೊಗೆ ತುಂಬಿದ್ದರೆ ಮನೆಯೊಳಗೇ ಉಳಿದು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಬಾಲ್ಕನಿಯಿಂದ ಕರೆಯಬೇಕು. ಇದನ್ನು ಕಟ್ಟಡದ ಪ್ರತಿ ಮನೆಯಲ್ಲೂ ಕೂತು ಹೇಳುವುದು ನಿಮ್ಮ ದಳದ ಕೆಲಸ. ಹೇಳಲು ಹೋದಾಗ ಒಂದು ವಹಿ ಜೊತೆಗಿರಲಿ: ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಯಾವ ಮನೆಯಲ್ಲಿ ಮಕ್ಕಳಷ್ಟೇ ಇರುವ ಹೊತ್ತು ಯಾವುದು, ಕಿವಿ ಕೇಳದವರು ಯಾರು. ಬಂಬಾದಿಂದ ಇಳಿದ ಅಧಿಕಾರಿ ಕೇಳುವ ಮೊದಲ ಪ್ರಶ್ನೆ ಒಳಗೆ ಯಾರಿದ್ದಾರೆ ಎಂದು. ಅದಕ್ಕೆ ನೆರೆದ ಐವತ್ತು ಜನ ಐವತ್ತು ಉತ್ತರ ಕೂಗುತ್ತಾರೆ. ವಹಿ ಹಿಡಿದ ಒಬ್ಬನು ಒಂದೇ ಉತ್ತರ ಕೊಟ್ಟರೆ ಒಂದು ಜೀವ ಉಳಿಯುತ್ತದೆ.

ಮಿಕ್ಕ ಕೆಲಸಗಳೂ ಇದೇ ಜಾತಿಯವು. ಒಬ್ಬ 101ಕ್ಕೂ 112ಕ್ಕೂ ಫೋನ್ ಮಾಡಿ ವಿಳಾಸವನ್ನು ಗುರುತಿನ ಸಮೇತ ಹೇಳಬೇಕು. ಒಬ್ಬ ಮುಖ್ಯರಸ್ತೆಯ ತಿರುವಿನಲ್ಲಿ ನಿಂತು ಬಂಬಾಕ್ಕೆ ದಾರಿ ತೋರಿಸಬೇಕು. ಒಬ್ಬ ಗೇಟಿನ ಮುಂದೆ ನಿಂತ ಕಾರುಗಳನ್ನು ತೆಗೆಸಬೇಕು. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು ಹಿಡಿಯುವುದನ್ನು, ಟೂತ್‌ಪೇಸ್ಟು, ಶಾಯಿ, ಹಿಟ್ಟು ಬಳಿಯದಂತೆ ತಡೆಯುವುದನ್ನು ಇಬ್ಬರು ಮೂವರಾದರೂ ಚೆನ್ನಾಗಿ ಕಲಿತಿರಬೇಕು. ಸಿಪಿಆರ್ ಎಲ್ಲರಿಗೂ ಬೇಕು.

ನಿಮ್ಮ ಕಟ್ಟಡ ಎತ್ತರದ್ದಾಗಿದ್ದರೆ ಹೈಡ್ರೆಂಟು, ಹೋಸು ಇರುತ್ತವೆ. ಗಾಜಿನ ಪೆಟ್ಟಿಗೆ ತೆರೆದು ಒಮ್ಮೆ ನೋಡಿ. 63 ಮಿಲಿಮೀಟರಿನ ಹೋಸು, 15 ಮೀಟರಿನ ಸುರುಳಿ, ಒಂದು ತುದಿ ಗಂಡು, ಒಂದು ತುದಿ ಹೆಣ್ಣು. ಹೆಣ್ಣು ತುದಿಯೊಳಗೆ ಗಂಡನ್ನು ನೂಕಿದಾಗ ಎರಡು ಕಡೆಯ ಕೊಕ್ಕೆಗಳು ಟಕ್ಕೆಂದು ಕೂರಬೇಕು. ಕೂರದಿದ್ದರೆ ನೀರಿನ ಒತ್ತಡಕ್ಕೆ ಕಿತ್ತುಬಂದು ಕಾಲು ಮುರಿಯುತ್ತದೆ. ಹೆಣ್ಣು ತುದಿಯೊಳಗಿನ ರಬ್ಬರ್ ವಾಷರು ಒಣಗಿ ಬಿರಿದಿದ್ದರೆ ಜೋಡಣೆಯಲ್ಲೇ ನೀರೆಲ್ಲ ಸೋರುತ್ತದೆ. ಕೆಲವು ಕಡೆ ಹಿತ್ತಾಳೆಯ ನಾಝಲ್ಲೇ ಕಳುವಾಗಿರುತ್ತದೆ. ನೀರು ತುಂಬಿದ ಒಂದು ಸುರುಳಿಯೊಳಗೆ ಸುಮಾರು 47 ಲೀಟರ್ ನೀರಿರುತ್ತದೆ, ಅಂದರೆ ಅಷ್ಟೇ ಕಿಲೋ ಭಾರ. ಅದರ ಮೇಲೆ ನಾಝಲ್ಲಿನ ಹಿನ್ನೂಕು. ಒಬ್ಬನೇ ಹಿಡಿಯಲು ಹೋದರೆ ಪೈಪು ಕೈತಪ್ಪಿ ಹಾವಿನಂತೆ ಹೊಡೆಯುತ್ತದೆ. ಮುಂದೊಬ್ಬ, ಹಿಂದೊಬ್ಬ, ವಾಲ್ವಿನ ಹತ್ತಿರ ಮೂರನೆಯವನು, ಕೂಗಿ ಹೇಳಿದ ಮೇಲೆಯೇ ನೀರು. ಇದನ್ನು ಠಾಣೆಯವರ ಎದುರಲ್ಲೇ ಕಲಿಯಿರಿ. ಬಳಸಿದ ಹೋಸನ್ನು ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಸುತ್ತಿಡುವುದೂ ಪಾಠದ ಭಾಗವೇ.

ಇನ್ನು ಆ ಗಾಳಿಯ ಸಿಲಿಂಡರು. ಸಾಮಾನ್ಯವಾಗಿ ಬಳಸುವ 6.8 ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡಕ್ಕೆ ಸುಮಾರು 2,000 ಲೀಟರ್ ಗಾಳಿ ತುಂಬುತ್ತಾರೆ. ನಿಮಿಷಕ್ಕೆ 40 ಲೀಟರಿನ ಲೆಕ್ಕದಲ್ಲಿ, ವಾಪಸಾಗಲು ಮೀಸಲು ಬಿಟ್ಟರೆ 40 ನಿಮಿಷದ ಆಸುಪಾಸು ಬರುತ್ತದೆ. ಹೆದರಿದವನು, ಭಾರ ಹೊತ್ತವನು ಅದಕ್ಕಿಂತ ಬಹಳ ಬೇಗ ಮುಗಿಸುತ್ತಾನೆ. ಗಡ್ಡವಿದ್ದರೆ ಮುಖವಾಡ ಸರಿಯಾಗಿ ಕೂರುವುದಿಲ್ಲ. ಹೊರಗೆ ಒಬ್ಬನು ಬೋರ್ಡು ಹಿಡಿದು, ಒಳಗೆ ಹೋದವನ ಹೆಸರು, ಸಮಯ, ಒತ್ತಡ ಬರೆದುಕೊಂಡು ಕಾಯಬೇಕು. ಅವನು ಹೊರಬರದಿದ್ದರೆ ಒಳಗೆ ನುಗ್ಗಲು ಇನ್ನಿಬ್ಬರು ಸಜ್ಜಾಗಿರಬೇಕು. ಸಿಲಿಂಡರು ಮತ್ತೆ ತುಂಬಲು ಶುದ್ಧ ಗಾಳಿಯ ಕಂಪ್ರೆಸರು ಬೇಕು, ಕಾಲಕಾಲಕ್ಕೆ ಒತ್ತಡದ ಪರೀಕ್ಷೆ ಆಗಬೇಕು. ಇದ್ಯಾವುದೂ ಇಲ್ಲದೆ ಕೊಂಡಿಟ್ಟ ಸಿಲಿಂಡರು ಒಂದೇ ಕೆಲಸ ಮಾಡುತ್ತದೆ: ಒಳಗೆ ಹೋಗಬಾರದ ಹುಡುಗನಿಗೆ ಒಳಗೆ ಹೋಗುವ ಧೈರ್ಯ ಕೊಡುತ್ತದೆ.

ದಪ್ಪ ಕೋಟಿನ ಮಾತೂ ಹಾಗೆಯೇ. ಅದರಲ್ಲಿ ಮೂರು ಪದರ: ಹೊರಗೆ ಬೆಂಕಿ ತಡೆಯುವ ಅರಾಮಿಡ್ ಬಟ್ಟೆ, ನಡುವೆ ತೇವ ತಡೆಯುವ ಪೊರೆ, ಒಳಗೆ ಶಾಖ ತಡೆಯುವ ಹೊದಿಕೆ. ಅಮೆರಿಕದ ಮಾನದಂಡದ ಪ್ರಕಾರ ತಯಾರಾದ ಹತ್ತು ವರ್ಷಕ್ಕೆ ಅದನ್ನು ಕೈಬಿಡಬೇಕು. ಅಲ್ಲಿಂದ ಹಳೆಯ ಕೋಟುಗಳನ್ನು ತರಿಸಿಕೊಳ್ಳುವ ಯೋಚನೆ ನಿಮ್ಮಲ್ಲಿ ಯಾರಿಗಾದರೂ ಬಂದೀತು. ಅವಧಿ ಮುಗಿದ ಕೋಟು ನೋಟಕ್ಕೆ ಹೊಸದರಂತೆಯೇ ಇರುತ್ತದೆ, ಒಳಪೊರೆ ಹರಿದಿರಬಹುದು. ಬೆಂಕಿಯ ಮಸಿ ಹಿಡಿದ ಬಟ್ಟೆಯೇ ಒಂದು ಅಪಾಯ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಿಮ್ಮವರು ಒಳಗೆ ಹೋಗುವವರಲ್ಲ ಎಂದಾದರೆ ಬೇಕಾದ್ದು ಪೂರ್ಣ ತೋಳಿನ ಹತ್ತಿ ಬಟ್ಟೆ, ಗಟ್ಟಿ ಬೂಟು, ಹೆಲ್ಮೆಟ್ಟು, ಚರ್ಮದ ಕೈಗವಸು. ಪಾಲಿಯೆಸ್ಟರ್ ಟೀ ಶರ್ಟಿನ ಮೇಲೆ ದಳದ ಹೆಸರು ಅಚ್ಚು ಹಾಕಿಸಬೇಡಿ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಂಕಿಯ ಹತ್ತಿರ ಹೋಗುವವರಿಗೆ ಕಾಡಿನಲ್ಲೂ ಅಪಾಯ ಅಷ್ಟೇ: ಬಂಡೀಪುರದಲ್ಲಿ 2017ರ ಕಾಳ್ಗಿಚ್ಚಿಗೆ ಅರಣ್ಯ ರಕ್ಷಕರೊಬ್ಬರೇ ಬಲಿಯಾದರು. 2019ರ ಫೆಬ್ರವರಿಯಲ್ಲಿ ಮತ್ತೆ ಕಾಡು ಹೊತ್ತಿದಾಗ ಸ್ವಯಂಸೇವಕರು ಹಸಿ ಸೊಪ್ಪಿನ ಕೊಂಬೆ ಹಿಡಿದು ಅದರೆದುರು ನಿಂತರು. ಅವರ ಕಾಳಜಿಗೆ ತಲೆಬಾಗುತ್ತೇನೆ, ಆದರೆ ಇಂಥ ಬರಿಗೈಯ ಧೈರ್ಯವನ್ನು ನಾವು ಯಾರಿಂದಲೂ ಬೇಡಬಾರದು.

ಕೊಳ್ಳುವ ಪಟ್ಟಿ ಹಾಗಾದರೆ ಚಿಕ್ಕದು. ಐಎಸ್‌ಐ ಗುರುತಿನ ಎಬಿಸಿ ಸಿಲಿಂಡರುಗಳು, ಮೀಟರ್ ಕೋಣೆಗೆ ಕಾರ್ಬನ್ ಡೈಆಕ್ಸೈಡಿನದು, ಮರಳು ತುಂಬಿದ ಬಕೆಟ್ಟುಗಳು, ಒಂದು ಮಡಚುವ ಉದ್ದ ಏಣಿ, ಒಳ್ಳೆಯ ಟಾರ್ಚುಗಳು, ಮೆಗಾಫೋನು, ಸೀಟಿ, ಸ್ಟ್ರೆಚರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೀಗ ಒಡೆಯುವ ಕಟರು, ಹಾರೆ. ಕೊಂಡ ದಿನವೇ ಒಂದು ನೋಂದಣಿ ಪುಸ್ತಕ ತೆರೆಯಿರಿ. ತಿಂಗಳ ಮೊದಲ ಭಾನುವಾರ ಯಾರು ಯಾವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯೆಂದು ನೋಡಿದರು, ಯಾರು ಟಾರ್ಚಿನ ಸೆಲ್ಲು ಬದಲಿಸಿದರು ಎಂದು ಸಹಿ ಸಮೇತ ಬರೆಯಲಿ. ಚಂದಾದ ಅರ್ಧದಷ್ಟನ್ನು ಮರುಪೂರಣ, ದುರಸ್ತಿ, ವಿಮೆಗೆಂದು ಎತ್ತಿಡಿ. ಸ್ವಯಂಸೇವಕರಿಗೆ ಅಪಘಾತ ವಿಮೆ ಮಾಡಿಸದೆ ದಳದ ಹೆಸರು ಹೇಳಬೇಡಿ.

ಬಿಐಡಿಸಿ ಎಸ್ಟೇಟಿನ ವಿಚಾರ ಪೂರ್ತಿ ಬೇರೆ, ಅದನ್ನು ಸೊಸೈಟಿಯ ದಳದ ಜೊತೆ ಕಲಸಬೇಡಿ. ಗೋರ್ವಾದಿಂದ ಹೊರಟ ರಿಫೈನರಿ ರಸ್ತೆ ಎಲ್ಲಿಗೆ ಹೋಗುತ್ತದೆಂದು ನಿಮಗೆ ಗೊತ್ತು. 2024ರ ನವೆಂಬರ್ 11ರಂದು ಕೊಯಲಿಯ ಇಂಡಿಯನ್ ಆಯಿಲ್ ರಿಫೈನರಿಯಲ್ಲಿ ಬೆಂಜೀನ್ ಟ್ಯಾಂಕು ಸ್ಫೋಟಿಸಿ ಇಬ್ಬರು ಸತ್ತರು. ಅಂಥ ಬೆಂಕಿಗೆ ನೊರೆ ಬೇಕು, ಟ್ಯಾಂಕು ತಣಿಸುವ ಲೆಕ್ಕ ಗೊತ್ತಿರುವವರು ಬೇಕು; ಹೊರಗಿನವನು ಹತ್ತಿರ ಹೋದರೆ ಇನ್ನೊಂದು ಹೆಣವಾಗುತ್ತಾನೆ. ರಾಸಾಯನಿಕದ ವಾಸನೆ ಬಂದಾಗ ನಿಮ್ಮ ದಳ ಮಾಡಬೇಕಾದ್ದು ಗಾಳಿ ಬೀಸುವ ದಿಕ್ಕು ನೋಡಿ, ಅದಕ್ಕೆ ಅಡ್ಡಲಾಗಿ ಜನರನ್ನು ದೂರ ಕರೆದೊಯ್ಯುವುದು, ಅಥವಾ ಕಿಟಕಿ ಬಾಗಿಲು ಮುಚ್ಚಿಸಿ ಒಳಗೇ ಕೂರಿಸುವುದು. ಯಾವುದು ಎಂದು ಹೇಳಬೇಕಾದವರು ಜಿಲ್ಲಾಡಳಿತ. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳ ಪ್ರಕಾರ ಕಾರ್ಖಾನೆಯ ಹೊರಗಿನ ಊರಿಗೂ ತುರ್ತು ಯೋಜನೆ ಇರಬೇಕು. ಆ ಯೋಜನೆಯಲ್ಲಿ ಗೋರ್ವಾದವರು ಎಲ್ಲಿ ಸೇರಬೇಕೆಂದಿದೆ ಎಂದು ಕೇಳುವ ಹಕ್ಕು ನಿಮಗಿದೆ.

ನಿಮ್ಮದರಂಥ ಸಣ್ಣ ಕಾರ್ಖಾನೆಗಳಿಗೆ ದಾರಿ ತೋರಿಸಬಲ್ಲದ್ದು ಅಂಕಲೇಶ್ವರ. ಅಲ್ಲಿನ ಕೈಗಾರಿಕೆಗಳು ಒಟ್ಟಾಗಿ ವಿಪತ್ತು ತಡೆ ಮತ್ತು ನಿರ್ವಹಣಾ ಕೇಂದ್ರವನ್ನು ನಡೆಸುತ್ತವೆ. ಒಬ್ಬೊಬ್ಬರಿಗೆ ಸಾಕಲಾಗದ ಬಂಬಾ, ನೊರೆ, ತರಬೇತಾದ ಸಿಬ್ಬಂದಿಯನ್ನು ಎಲ್ಲರೂ ಸೇರಿ ಸಾಕುತ್ತಾರೆ. ಎಸ್ಟೇಟಿನ ಮಾಲೀಕರ ಸಂಘದಲ್ಲಿ ಈ ಪ್ರಸ್ತಾಪ ಇಡಿ. ಅಷ್ಟು ದೊಡ್ಡದು ಆಗದಿದ್ದರೂ, ಯಾವ ಶೆಡ್ಡಿನಲ್ಲಿ ಯಾವ ದ್ರಾವಕ ಎಷ್ಟಿದೆ ಎಂಬ ಒಂದು ನಕ್ಷೆ, ವೆಲ್ಡಿಂಗ್ ಮಾಡುವಾಗ ಪಕ್ಕದಲ್ಲಿ ಸಿಲಿಂಡರು ಹಿಡಿದು ನಿಲ್ಲುವ ಒಬ್ಬ ಮನುಷ್ಯ, ಇಷ್ಟಕ್ಕೆ ಯಾರ ಅನುಮತಿಯೂ ಬೇಡ. 2024ರ ಮೇ 25ರಂದು ರಾಜಕೋಟ್‌ನ ಟಿಆರ್‌ಪಿ ಗೇಮ್ ಜೋನಿನಲ್ಲಿ 27 ಜನ ಸುಟ್ಟುಹೋದ ಬೆಂಕಿ ವೆಲ್ಡಿಂಗಿನ ಕಿಡಿಯಿಂದ ಹೊತ್ತಿತೆಂದೇ ವರದಿಯಾಗಿತ್ತು. ಎಸ್ಟೇಟಿನ ಕೆಲಸಗಾರರಲ್ಲಿ ಗುಜರಾತಿ ಬಾರದವರೂ ಇರುತ್ತಾರೆ, ಆದ್ದರಿಂದ ಅಲ್ಲಿನ ತರಬೇತಿ ಹಿಂದಿಯಲ್ಲೂ ನಡೆಯಲಿ. ಗೋರ್ವಾದಲ್ಲೇ ಐಟಿಐ ಇದೆ. ಅಲ್ಲಿ ವೆಲ್ಡಿಂಗ್, ಎಲೆಕ್ಟ್ರಿಕಲ್ ಕಲಿಯುವ ಮಕ್ಕಳನ್ನು ದಳಕ್ಕೆ ಸೇರಿಸಿಕೊಂಡರೆ ನಾಳೆ ಇದೇ ಶೆಡ್ಡುಗಳಿಗೆ ಕಾಲಿಡುವವರು ತಯಾರಾಗಿ ಬಂದಂತಾಗುತ್ತದೆ.

ಯಾವಾಗ ಶುರು ಮಾಡಬೇಕೆಂದರೆ, ಏಪ್ರಿಲ್ 14ರ ವಾರಕ್ಕೆ ಕಾಯಬಹುದು. 1944ರಲ್ಲಿ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಮದ್ದುಗುಂಡು, ಹತ್ತಿ ಹೊತ್ತಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು 66 ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ದೇಶದ ಠಾಣೆಗಳಲ್ಲಿ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ, ಸಾರ್ವಜನಿಕರಿಗೆ ಪ್ರಾತ್ಯಕ್ಷಿಕೆ ತೋರಿಸುತ್ತಾರೆ. ಆದರೆ ಅಷ್ಟು ದಿನ ಕಾಯಬೇಕಾಗಿಲ್ಲ. ಬರುವ ಭಾನುವಾರ ಸೊಸೈಟಿಯ ಅಧ್ಯಕ್ಷರ ಸಹಿ ಹಾಕಿಸಿ ಎರಡು ಅರ್ಜಿ ಬರೆಯಿರಿ. ಒಂದರಲ್ಲಿ ಠಾಣೆಯವರು ಬಂದು ಕಟ್ಟಡ ನೋಡಿ ಅರ್ಧ ದಿನದ ತರಬೇತಿ ಕೊಡಬೇಕೆಂದು ಕೇಳಿ, ಇನ್ನೊಂದರಲ್ಲಿ ನಾಗರಿಕ ರಕ್ಷಣೆಗೆ ಹೆಸರು ಕೊಡುವವರ ಪಟ್ಟಿ ಲಗತ್ತಿಸಿ, ಹೆಂಗಸರ ಹೆಸರುಗಳ ಸಮೇತ. ಠಾಣೆಯವರು ಬಂದ ದಿನ ಅವರ ದೊಡ್ಡ ಬಂಬಾವನ್ನೇ ತರಲು ಹೇಳಿ. ಅದು ನಿಮ್ಮ ಗೇಟಿನೊಳಗೆ ತಿರುಗುತ್ತದೆಯೇ, ಮೇಲಿನ ಕರೆಂಟು ತಂತಿಗೆ ತಾಗುತ್ತದೆಯೇ ಎಂದು ಅವತ್ತೇ ಗೊತ್ತಾಗಲಿ. ತಿರುಗದಿದ್ದರೆ ಚಂದಾದ ಮೊದಲ ಖರ್ಚು ಗೇಟು ಅಗಲ ಮಾಡಿಸುವುದಕ್ಕೆ.